ಡಬ್ಬಿಯಮ್ಮನ ಮುಚ್ಚಳ

ಚೆನ್ನಬಸಪ್ಪನೋರ ತಾತನ ಕಾಲದ ಕಾರಿನಲ್ಲಿ ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡಳು. ಅಷ್ಟೇ ಸಾಕಾಯ್ತು ನೋಡಿ, ಒಳಗಿರೋ ಸಾಮಾನೆಲ್ಲ ಪಂಚಾಯ್ತಿ ಸೇರಿದವು.

"ಮುಂದೆ ಇಳಿಜಾರಿದೆ. ಬ್ರೇಕ್ ಎಣ್ಣೆ ಎಷ್ಟಿದೆ ಅಂತ ಒಂದ್ಸಲ ನೋಡ್ರಪ್ಪಾ," ಅಂದಳು ದೀಪ.

"ಬಾಯಿ ಮುಚ್ಚೇ!" ಅಂತ ಹಾರನ್ನಪ್ಪ ಕಿರುಚಿದ, ತಾನೇನೋ ಮೌನವ್ರತದ ಸ್ವಾಮಿ ಅನ್ನೋ ಹಾಗೆ. "ಎಣ್ಣೆ ಡಬ್ಬಿಯಮ್ಮ ಈ ಮನೆಗೆ ಹಿರಿಯಳು. ಅವಳ ಮುಚ್ಚಳ ತೆಗೆದು ನೋಡೋದಾ? ಮಾನವಂತರ ಮನೆ ಕಣೇ ಇದು."

ಡಬ್ಬಿಯಮ್ಮ ಮಹಾ ಗಂಭೀರವಾಗಿ ಕೂತಿದ್ದಳು. ಆರು ತಿಂಗಳಿಂದ ಹಿಂದಿನ ಚಕ್ರದ ಹತ್ತಿರ ಎಣ್ಣೆ ತೊಟ್ಟು ತೊಟ್ಟಾಗಿ ಸೋರ್ತಿರೋದು ಅವಳಿಗೂ ಗೊತ್ತು, ಆ ಚಕ್ರಕ್ಕೂ ಗೊತ್ತು. ಇಬ್ಬರೂ ತುಟಿ ಬಿಚ್ಚಲಿಲ್ಲ.

ಹಂಗಾಗಿ ವೈರನ್ನ ವಿಚಾರಿಸಿದರು, ಫ್ಯೂಸಿನ ಕೈಲಿ ಆಣೆ ಮಾಡಿಸಿದರು. ಇಬ್ಬರೂ ನೆಟ್ಟಗಿದ್ದರು. ಕೊನೆಗೆ ದೀಪಕ್ಕೇ ತಲೆ ಕೆಟ್ಟಿದೆ ಅಂತ ತೀರ್ಮಾನವಾಯ್ತು.

ಅಷ್ಟರಲ್ಲಿ ಇಳಿಜಾರು ಬಂತು. ಚೆನ್ನಬಸಪ್ಪನೋರು ಬ್ರೇಕ್ ತುಳಿದರೆ ಪೆಡಲ್ಲು ಸೀದಾ ತಳ ಮುಟ್ಟಿತು, ಕಾರು ನಿಲ್ಲಲಿಲ್ಲ. ರಸ್ತೆ ಪಕ್ಕದ ಮಣ್ಣುಗುಡ್ಡೆಗೆ ಮೂತಿ ಗುದ್ದಿಕೊಂಡು ನಿಂತಿತು. ಯಜಮಾನರ ಹಣೆ ಮೇಲೆ ಬುಗುಟೆ ಎದ್ದಿತು, ಡಬ್ಬಿಯಮ್ಮನ ಮುಚ್ಚಳ ತಾನಾಗೇ ಹಾರಿಹೋಯ್ತು. ಒಳಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ.

ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಹಾರನ್ನಪ್ಪ ಗಂಟಲು ಸರಿಮಾಡಿಕೊಂಡ.

"ಅಯ್ಯೋ, ತುಂಬಿ ತುಳುಕ್ತಿದ್ದ ಡಬ್ಬಿ! ಬೆಳಗಿನಿಂದ ಆ ಕೆಂಗಣ್ಣಿ ದುರುಗುಟ್ಟಿ ನೋಡಿದ್ದಕ್ಕೇ ಒಣಗಿಹೋಯ್ತು."