ದುರುಗವ್ವನ ಮಗ ನೀರು ಕೊಡೋನ್ನ ಆರಿಸಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ದುರುಗವ್ವ ಅಂತ ಒಬ್ಬ ಪಂಚಾಯ್ತಿ ಅಧ್ಯಕ್ಷೆ. ಅವಳಿಗೊಬ್ಬ ಮೀಸೆ ಬಂದ ಮಗ, ಬೋರೇಶ. ಕಣ್ಣು ತೆರೆದೇ ಕನಸು ಕಾಣೋನು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

ಮೇಲಿನ ಕೇರಿಗೆ ನೀರಿಲ್ಲ. ಯಾವ ಸದಸ್ಯನ್ನ ಸಾಮಾನಿಗೆ ಕಳಿಸಿದ್ರೂ ಅವನು ಭಾವಮೈದನ ಅಂಗಡಿಗೇ ಹೋಗ್ತಾನೆ. ತಂದ ಪೈಪು ಬಂದಷ್ಟೇ ಬೇಗ ಸೀಳಿಹೋಗುತ್ತೆ.

"ನನ್ನ ಮಗನಿಗೆ ಭಾವಮೈದ ಇಲ್ಲ" ಅಂದಳು ದುರುಗವ್ವ. "ಬೋರೇಶಾ, ಕೊಳವೆ ತಾ. ಯಾರು ಕಡಿಮೆ ಹೇಳ್ತಾರೋ ಅವರ ಹತ್ರ ತಗೋ!"

"ಆಗ್ಲಿ ಅವ್ವಾ!"

ಹೋದ. ಒಬ್ಬ ಅಂಗಡಿಯವನು ಬಾಯಿ ತುಂಬಾ ಹೇಳಿದ. ಇನ್ನೊಬ್ಬ ಅವನಿಗಿಂತ ಜಾಸ್ತಿ ಹೇಳಿದ. ಬೇವಿನ ಮರದಡಿ ಕೊಳಲು ಮಾರೋನು ಮಾತ್ರ ಕಣ್ಣು ಮುಚ್ಚಿ ಊದ್ತಾನೇ ಇದ್ದ.

"ಇವನೇ ಎಲ್ಲರಿಗಿಂತ ಕಡಿಮೆ ಹೇಳಿದ್ದು! ಕೊಳಲೂ ಕೊಳವೇನೇ ತಾನೇ!"

ಹೊರೆ ಕೊಳಲು ತಂದು ಜೋಡಿಸಿದ. ನೀರು ಬಿಟ್ಟರೆ ತೂತು ತೂತಲ್ಲೂ ಕಾರಂಜಿ! ಗಾಳಿ ಬೀಸಿದಾಗ ಬೀದಿಯೇ ಮೆಲ್ಲಗೆ ಹಾಡಿತು. ಹೆಂಗಸರು ಮೈಮರೆತು ಕೇಳಿದರು. ಕೊಡ ಖಾಲಿ.

"ಅಯ್ಯೋ ಪೆದ್ದಾ! ಹೆಸರಿರೋ ಅಂಗಡಿಗೆ ಹೋಗ್ಬೇಕು ಕಣೋ! ಹೋಗು, ನೀರು ತುಂಬಿಡೋಕೆ ಏನಾದ್ರೂ ತಾ!"

"ಆಗ್ಲಿ ಅವ್ವಾ!"

ಡ್ರಮ್ಮಿನ ಅಂಗಡಿಗೆ ಹೋಗಿ ಕೇಳಿದ, "ಹೆಸರಿದೆಯಾ?"

"ಹೆಸರುಕಾಳಾ? ಇಲ್ಲಪ್ಪ."

ದಿನಸಿ ಅಂಗಡಿಯವನು, "ಇದೆ, ಬಾ!" ಅಂದ.

"ತುಂಬಿಡೋಕೆ ಏನಾದ್ರೂ ಇದೆಯಾ?"

"ಗೋಣಿಚೀಲ ಇದೆ!"

ಗೋಣಿಚೀಲ ಬಂತು. ಬೋರೇಶ ನೀರು ಸುರಿದ, ನೀರು ಹರಿದು ಹೋಯ್ತು. ಸುರಿದ, ಹರಿದು ಹೋಯ್ತು.

ಮೇಲಿನ ಕೇರಿಯವರು, "ನಾಳೆ ನೀರು ಬರದಿದ್ರೆ ಪಂಚಾಯ್ತಿಗೆ ಬೀಗ!" ಅಂದರು. ದುರುಗವ್ವ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಅಳೋದು ನೋಡಿ ಬೋರೇಶ ಹತ್ರ ಬಂದು ಕೂತ.

"ಹೇಳವ್ವಾ, ಯಾರನ್ನ ಆರಿಸ್ಲಿ?"

"ನೀರು ಕೊಡೋನು ಮಾತಿಗೆ ನಿಲ್ಲೋನಾಗಿರ್ಬೇಕು ಮಗಾ! ಅಂಥವನು ಸಿಕ್ಕರೆ ಬಿಡಬೇಡ, ಹೆಬ್ಬೆಟ್ಟು ಒತ್ತಿಸ್ಕೋ!"

"ಆಗ್ಲಿ ಅವ್ವಾ!"

ಬೆಳಿಗ್ಗೆ ರಸ್ತೆಯಲ್ಲಿ ನಿಂತು, "ನಿಲ್ಲು!" ಅಂದ. ನೀರಿನ ಟ್ಯಾಂಕರ್ ನಿಲ್ಲಲಿಲ್ಲ. "ನಿಲ್ಲು!" ಕೊಳಾಯಿ ಕಂಟ್ರಾಕ್ಟರನ ಜೀಪೂ ನಿಲ್ಲಲಿಲ್ಲ. ತಲೆ ಎತ್ತಿದ. ಬೂದುಬಣ್ಣದ ಮೋಡವೊಂದು ತೂಕಡಿಸ್ತಾ ಹೋಗ್ತಿತ್ತು.

"ನಿಲ್ಲು!"

ಗಾಳಿ ಅಡಗಿತು. ಮೋಡ ನಿಂತಿತು.

ಬೀಗ ಹಿಡಿದು ಬಂದ ಕೇರಿಯವರು ಪಂಚಾಯ್ತಿ ಮುಂದೆ ಬಾಯಿ ತೆರೆದು ನಿಂತರು. ದುರುಗವ್ವ ಓಡಿ ಬಂದಳು. ಮಾಳಿಗೆ ಮೇಲೆ ಏಣಿ, ಏಣಿ ತುದಿಯಲ್ಲಿ ಮಗ, ಮಗನ ಕೈಯಲ್ಲಿ ಶಾಯಿಡಬ್ಬಿ, ತಲೆ ಮೇಲೆ ಅದೇ ಮೋಡ.

"ಅವ್ವಾ, ಮಾತಿಗೆ ನಿಂತಾನೆ! ನೀರೂ ಕೊಡ್ತಾನಂತೆ! ಆದ್ರೆ ಹೆಬ್ಬೆಟ್ಟು ಎಲ್ಲಿಟ್ಟಿದ್ದಾನೋ ಗೊತ್ತಾಗ್ತಿಲ್ಲ, ನೀನೇ ಸ್ವಲ್ಪ ಕೇಳು!"