ಬೇಡವೆಂದ ಕೊಸರು

ಹೊಳೆ ದಂಡೆಯ ಆ ಮಠದಲ್ಲಿ ಇದ್ದವರು ಇಬ್ಬರೇ. ಗುರು ನಿರುಪಾದಜ್ಜ, ಶಿಷ್ಯ ಕಳಕಪ್ಪ.

ಅಜ್ಜನಿಗೆ ಕಾಲು ಬಾತಿದ್ದವು. ಊಟ ಅರ್ಧಕ್ಕಿಳಿದಿತ್ತು. ವೈದ್ಯರು ಬಂದು ನಾಡಿ ಹಿಡಿದು ನೋಡಿದರು, ಅಜ್ಜನ ಎದುರು ಏನೂ ಹೇಳಲಿಲ್ಲ. ಕಳಕಪ್ಪನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು, "ಮಳಿ ಹಿಡಿಯೋದನ್ನ ಅಜ್ಜಾರು ನೋಡೋದು ಕಷ್ಟ ಐತಿ" ಅಂದರು.

ಅಲ್ಲಿಂದ ಕಳಕಪ್ಪನ ನಿದ್ದೆ ಹಾರಿಹೋಯಿತು. ಅಜ್ಜ ಕೆಮ್ಮಿದರೆ ಹೆದರಿಕೆ, ಕೆಮ್ಮದೆ ಸುಮ್ಮನಿದ್ದರೆ ಇನ್ನೂ ಹೆದರಿಕೆ. ಅಜ್ಜನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು, "ಏನಲೇ?" ಅಂತ ಅವರು ಕಣ್ಣು ಬಿಟ್ಟರೆ, "ನೊಣ ಕುಂತಿತ್ರಿ" ಅನ್ನುವುದು. ದಿನವೂ ಇದೇ ಆಯಿತು.

ಹೀಗಿರುವಾಗ ಅವನಿಗೊಂದು ಉಪಾಯ ಹೊಳೆಯಿತು. ಉಪಾಯವಂತೆ, ಮಣ್ಣು! ಆದರೆ ಹೆದರಿದವನ ತಲೆ ಹಾಗೇ ಓಡುತ್ತದೆ, ಏನು ಮಾಡುವುದು?

ಅಜ್ಜ ಜನ್ಮದಲ್ಲಿ ಒಂದು ಅಗುಳು ಕೆಡಿಸಿದವರಲ್ಲ. ಮಠಕ್ಕೆ ಬಂದದ್ದನ್ನು ಹಾಳುಮಾಡಿ ಗೊತ್ತೇ ಇಲ್ಲ. ಹಾಗಾದರೆ ಮಠದಲ್ಲಿ ತಿನ್ನುವುದು ಬಾಕಿ ಇರುವ ತನಕ ಅಜ್ಜ ಹೋಗುವುದಾದರೂ ಹೇಗೆ?

ಅಂದಿನಿಂದ ಕಳಕಪ್ಪ ಸಂತೆಯಿಂದ ತರುವ ಸಾಮಾನೇ ಬೇರೆಯಾಯಿತು.

ಹೊಳೆ ಬತ್ತಿದ ಕಾಲ ಅದು. ಸುತ್ತಲಿನ ರೈತರು ಹೊಳೆಯ ಉಸುಕಿನಲ್ಲೇ ಬಳ್ಳಿ ಹಬ್ಬಿಸಿ, ಬೆಳಿಗ್ಗೆ ಕೊಯ್ದದ್ದನ್ನು ಹಾಗೇ ದಂಡೆಯ ಸಂತೆಗೆ ತರುತ್ತಿದ್ದರು. ಎಳೆ ಸೌತೆಕಾಯಿ, ಕಲ್ಲಂಗಡಿ, ಕರಬೂಜ. ಅಜ್ಜ ಪ್ರತಿ ಸಂತೆಗೂ ಹೇಳುತ್ತಿದ್ದದ್ದು ಒಂದೇ ಮಾತು. "ಇವತ್ತು ಕೊಯ್ದಿದ್ದು ತಾ. ಇವತ್ತ ತಿನ್ನೂಣು."

ಕಳಕಪ್ಪ ಕುಂಬಳಕಾಯಿ ತಂದ. ದೀಪಾವಳಿ ತನಕ ಇಟ್ಟರೂ ಕೆಡದಂಥವು. ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿದ. ಮುಂದಿನ ಸಂತೆಯಲ್ಲಿ ಇನ್ನಷ್ಟು ತಂದ. ಅಜ್ಜ ಮಲಗಿ ಮೇಲೆ ನೋಡಿದರೆ ಬರೀ ಕುಂಬಳಕಾಯಿ.

"ಕಳಕಪ್ಪಾ, ಹಗ್ಗ ಗಟ್ಟಿ ಅದಾವಿಲ್ಲೋ? ನನ್ನ ಮ್ಯಾಲೆ ಬಿದ್ದಾವು."

"ಗಟ್ಟಿ ಅದಾವ್ರಿ."

"ಹಂಗಾರ ಸರಿ" ಅಂದು ಅಜ್ಜ ಮಗ್ಗಲು ಬದಲಿಸಿದರು.

ಈ ಸಲದ ಸಂತೆಯಲ್ಲಿ ಕಳಕಪ್ಪ ಮಾವಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದೊಂದೇ ಕಾಯಿ ಒತ್ತಿ ನೋಡುವುದು, ಮೆತ್ತಗಿದ್ದರೆ ಬದಿಗಿಡುವುದು. ನಡುನಡುವೆ ಕತ್ತು ತಿರುಗಿಸಿ ಮಠದ ದಾರಿ ನೋಡುವುದು. ಯಾರಾದರೂ ಆ ಕಡೆಯಿಂದ ಬಿರುಸಾಗಿ ನಡೆದು ಬಂದರೆ ಕೈಯಲ್ಲಿನ ಕಾಯಿ ಬಿಟ್ಟು ಎದ್ದು ನಿಲ್ಲುತ್ತಿದ್ದ.

ಮಾರುವ ಫಕೀರವ್ವ ನೋಡುವಷ್ಟು ನೋಡಿದಳು.

"ಯಪ್ಪಾ, ಎಲ್ಲಾರೂ ಮೆತ್ತಂದು ಆರಿಸಿ ಒಯ್ತಾರ. ನೀ ಏನು, ಅಜ್ಜಾರಿಗೆ ಕಲ್ಲು ತಿನ್ನಸಾಂವೇನು?"

"ಹುಲ್ಲಿನ್ಯಾಗ ಅಡಿ ಹಾಕ್ತೀನಿ. ನಿಧಾನಕ್ಕ ಹಣ್ಣಾಗಲಿ."

"ಉಪ್ಪಿನಕಾಯಿಗೆ ಹಾಕೋವು ಅವು. ಭಾಳ ನಿಧಾನ ಆಗ್ತಾವ ನೋಡು."

"ಅಂಥಾವ ಬೇಕು."

ಅವಳು ತೂಗಿ ಚೀಲಕ್ಕೆ ಸುರಿದಳು. ಆ ಸಂತೆಯಲ್ಲಿ ತೂಕ ಮುಗಿದ ಮೇಲೆ ಕೈಯೆತ್ತಿ ಒಂದಿಷ್ಟು ಕೊಸರು ಕೊಡದೆ ಯಾರೂ ಗಿರಾಕಿಯನ್ನು ಕಳಿಸುವುದಿಲ್ಲ. ಫಕೀರವ್ವ ಅತ್ತಿತ್ತ ನೋಡಿ ಬುಟ್ಟಿಯಿಂದ ಒಂದು ಕರಬೂಜ ತೆಗೆದಳು. ಹಣ್ಣು ಬಿಸಿಲಿಗೆ ತಾನಾಗಿ ಬಿರಿದು ಘಮ್ಮೆನ್ನುತ್ತಿತ್ತು.

"ತಗೋ ಕೊಸರು. ಅಜ್ಜಾರಿಗೆ ಕೊಡು."

"ಬ್ಯಾಡ. ಸಂಜೀತನಕ ಇರಂಗಿಲ್ಲ ಇದು."

"ಸಂಜೀತನಕ ಯಾಕ ಇಡ್ತೀಯೋ? ಹೋಗಿ ಈಗ ತಿನ್ರಿ."

"ಬ್ಯಾಡ ಅಂದ್ನೆಲ್ಲ!"

ತನ್ನ ದನಿ ಏರಿದ್ದು ಅವನಿಗೇ ಗೊತ್ತಾಗಲಿಲ್ಲ. ಫಕೀರವ್ವನ ಮುಖ ಕೆಂಪಗಾಯಿತು.

"ಕೊಸರು ಸಾಲದಂತ ಜಗಳಾಡೋರನ್ನ ಕಂಡೀನಿ. ಕೊಟ್ಟ ಕೊಸರು ಒಲ್ಲೆ ಅನ್ನಾಂವನ್ನ ಇವತ್ತ ಕಂಡೆ. ಹೋಗು, ಹೋಗು."

ಕಳಕಪ್ಪ ಚೀಲ ಹೊತ್ತು ಅರ್ಧ ಓಡುತ್ತ ಬಂದ. ಅಜ್ಜ ಕಟ್ಟೆಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ಅವನು ಚೀಲ ಕೆಳಗಿಟ್ಟು ಮೂಗಿನ ಹತ್ತಿರ ಬೆರಳು ಚಾಚಿದ.

"ಇನ್ನೂ ಐತಿ ಉಸಿರು" ಅಂದರು ಅಜ್ಜ, ಕಣ್ಣು ಬಿಡದೆ. "ಏನು ತಂದಿ?"

"ಮಾವಿನಕಾಯ್ರಿ."

ಅಜ್ಜ ಒಂದು ಕಾಯಿ ಕೈಗೆತ್ತಿಕೊಂಡು, ಹಲ್ಲಿಲ್ಲದ ಬಾಯಿಗೆ ತಾಗಿಸಿ, ಮತ್ತೆ ಚೀಲಕ್ಕೆ ಹಾಕಿದರು.

"ಯಾವಾಗ ಹಣ್ಣಾಗ್ತಾವು?"

"ಮಳಿ ಹಿಡಿಯೋ ಹೊತ್ತಿಗೆ ಆಗ್ತಾವ್ರಿ."

ಅಂದ ಮೇಲೆ ಅವನಿಗೆ ವೈದ್ಯರ ಮಾತು ನೆನಪಾಯಿತು. ಅಜ್ಜ ಬೇವಿನ ಮರದ ಕಡೆ ಕೋಲು ತೋರಿಸಿದರು.

"ಆ ಬೇವಿನ ಗಿಡ ನನ್ನ ಕಿಟಕಿ ಮಗ್ಗಲಕ್ಕ ಐತಿ, ಕಳಕಪ್ಪ. ವೈದ್ಯರ ದನಿ ಮೊದಲೇ ದೊಡ್ಡದು."

ಕಳಕಪ್ಪ ತಲೆ ತಗ್ಗಿಸಿದ. ಇಷ್ಟು ದಿನ ಬಚ್ಚಿಟ್ಟಿದ್ದೇನೆ ಅಂದುಕೊಂಡವನು ಚೀಲದ ಬಾಯಿ ಕಟ್ಟತೊಡಗಿದ.

"ಕೊಸರು ಏನು ಕೊಟ್ಟಳು?"

"ಬಿರದ ಕರಬೂಜ್ರಿ. ಬ್ಯಾಡ ಅಂದೆ."

"ಯಾಕ?"

"ಸಂಜೀತನಕ ಇರಂಗಿಲ್ಲ ಅಂತ..."

ಅಜ್ಜ ಕೋಲು ಊರಿ ಎದ್ದುಬಿಟ್ಟರು.

"ನಡಿ, ಸಂತಿಗೆ."

"ಅಯ್ಯೋ, ಬ್ಯಾಡ್ರಿ ಅಜ್ಜಾರ! ಉರಿಬಿಸಲೈತಿ. ನಾ ಓಡಿಹೋಗಿ ತರ್ತೀನಿ."

"ನೀ ಹೋದರ ಮತ್ತ ಕುಂಬಳಕಾಯಿ ತರಾಂವ. ಹೆಗಲು ಕೊಡು."

ದಾರಿಯುದ್ದಕ್ಕೂ ಕಳಕಪ್ಪನಿಗೆ ಜೀವ ಬಾಯಿಗೆ ಬಂದಿತ್ತು. ಅಜ್ಜ ನಾಲ್ಕು ಹೆಜ್ಜೆ ಹಾಕಿ ನಿಲ್ಲುವರು, ಉಸಿರು ಎಳೆಯುವರು, ಮತ್ತೆ ಹೆಜ್ಜೆ ಹಾಕುವರು. ಒಮ್ಮೆ ಅವರ ಕೈ ಹೆಗಲ ಮೇಲಿಂದ ಜಾರಿತು. "ತಿರುಗಿ ಹೋಗೂಣ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಗೋಗರೆದ. ಅಜ್ಜ ಕೈಯನ್ನು ಮತ್ತೆ ಹೆಗಲ ಮೇಲೆ ಇಟ್ಟುಕೊಂಡರು.

ಸಂತೆ ಮುಗಿಯುತ್ತ ಬಂದಿತ್ತು. ಫಕೀರವ್ವ ಬುಟ್ಟಿ ಕಟ್ಟುತ್ತಿದ್ದವಳು ಅಜ್ಜನನ್ನು ಕಂಡು ದಡಬಡಿಸಿ ಎದ್ದು ನಿಂತಳು.

ಅಜ್ಜ ಶಲ್ಯದ ಸೆರಗು ಚಾಚಿದರು. "ನಮ್ಮ ಕೊಸರು ಇಲ್ಲೇ ಉಳದೈತಿ, ಅವ್ವಾ."

"ಅಯ್ಯ, ನಿಮ್ಮ ಹುಡುಗ ಒಲ್ಲೆ ಅಂದನಲ್ರಿ! ನನ್ನ ಆಡಿಗೆ ಹಾಕಬೇಕಂತ ತಗದಿಟ್ಟೀನಿ. ಪೂರಾ ಬಾಯಿ ಬಿಟ್ಟೈತ್ರಿ ಅಜ್ಜಾರ."

"ಆಡಿಗೆ ಅರ್ಧ, ನಮಗ ಅರ್ಧ."

ಅವಳು ಇಡೀ ಹಣ್ಣನ್ನೇ ಸೆರಗಿಗೆ ಹಾಕಿದಳು. ಅಜ್ಜ ಅಲ್ಲೇ ಉಸುಕಿನಲ್ಲಿ ಕೂತರು. ಕೈಯಿಂದಲೇ ತಿರುಳು ಬಿಡಿಸಿ ಬಾಯಿಗೆ ಹಾಕಿಕೊಂಡರು. ರಸ ಗಡ್ಡಕ್ಕೆ ಇಳಿಯಿತು. ಮತ್ತೆ ಬಿಡಿಸಿದರು, ಮತ್ತೆ ತಿಂದರು. ಅಜ್ಜ ಹೀಗೆ ಆಸೆಯಿಂದ ತಿಂದದ್ದನ್ನು ಕಳಕಪ್ಪ ನೋಡಿ ಎಷ್ಟೋ ಕಾಲವಾಗಿತ್ತು.

"ತಗೋ, ನೀನೂ ತಿನ್ನು."

"ನನಗ ಇಳಿಯಂಗಿಲ್ರಿ."

"ಯಾಕ?"

"ಹೆದರಿಕಿ ಆಗ್ತೈತ್ರಿ." ಅಷ್ಟು ದಿನ ತಡೆದಿದ್ದ ಅಳು ಒಮ್ಮೆಗೇ ನುಗ್ಗಿತು. ಫಕೀರವ್ವ ನೋಡುತ್ತಿದ್ದಾಳೆ ಅನ್ನುವುದೂ ಅವನ ಲೆಕ್ಕಕ್ಕೆ ಬರಲಿಲ್ಲ. "ಅಷ್ಟೂ ಕುಂಬಳಕಾಯಿ ತೂಗಹಾಕೀನ್ರಿ. ಅವು ತೀರೋತನಕಾರ ಇರ್ರಿ ಅಜ್ಜಾರ. ನಾ ಒಬ್ಬನ ಏನು ಮಾಡ್ಲಿ?"

"ದಾರ್ಯಾಗ ಹೋಗೋರು ಹಸದು ಬರ್ತಾರ. ಕುದಿಸಿ ಅವರಿಗೆ ಬಡಸು. ಮಾವು ಹಣ್ಣಾದ ಮ್ಯಾಲೆ ಅದನ್ನೂ ಬಡಸು."

"ಮತ್ತ ನಿಮಗ?"

ಅಜ್ಜ ಹಣ್ಣಿನ ಒಡಲಿಗೆ ಮತ್ತೆ ಕೈ ಹಾಕಿ, ಎಲ್ಲಕ್ಕಿಂತ ಸಿಹಿಯಾದ ನಡುವಿನ ತಿರುಳು ತೆಗೆದು, ಅವನ ಬಾಯಿಯ ಹತ್ತಿರ ಹಿಡಿದರು.

"ನನ್ನ ತೂಕ ಎಂದೋ ಮುಗದೈತಿ, ಕಳಕಪ್ಪ. ಈಗ ನಡದಿದ್ದು ಕೊಸರು. ಬಾಯಿ ತೆಗಿ."