ಸರಸಿಯ ಹಾಡಿಗೊಂದು ತಟ್ಟೆ

“ಗುರುಗಳೇ, ಮಾಡುವ ಕೆಲಸ ಪ್ರೀತಿಯದಾದರೆ, ಎಲ್ಲವೂ ಸರಿಹೋಗುವ ತನಕ ಕಾಯುವುದರಲ್ಲಿ ತಪ್ಪೇನಿದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ತಂಗಿ ಸರಸಿ ಚೆನ್ನಾಗಿ ಹಾಡುತ್ತಿದ್ದಳು. ಒಂದೇ ಒಂದು ಗ್ರಾಮಫೋನ್ ರೆಕಾರ್ಡು ಕೊಟ್ಟು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಅಣ್ಣ ಊರೂರು ಅಲೆದು ಆ ರೆಕಾರ್ಡನ್ನು ಸಂಪಾದಿಸಿದ. ಅದನ್ನು ನುಡಿಸುವ ಯಂತ್ರವನ್ನೂ ತಂದ. ಮುದುಕಿ ತಾಯಿ ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು. ಸಾಯುವ ಮೊದಲು ಮಗಳ ದನಿಯನ್ನು ಇನ್ನೊಮ್ಮೆ ಕೇಳಬೇಕು ಎನ್ನುವುದೊಂದೇ ಅವಳ ಆಸೆ.

ವ್ಯಾಪಾರಿ ಮೊದಲು ಬೇರೆ ರೆಕಾರ್ಡು ಹಾಕಿ ನೋಡಿದ. ರೆಕಾರ್ಡನ್ನು ಹೊತ್ತು ತಿರುಗುವ ತಟ್ಟೆ ತೆಳು ತಗಡಿನದು. ಹಾಡಿನ ಜೊತೆಗೆ ತಾನೂ ಗುಂಯ್‌ಗುಡುತ್ತಿತ್ತು. ನೋಡಲೂ ಹೋಟೆಲಿನ ತಿಂಡಿತಟ್ಟೆಯಂತಿತ್ತು. ಅವನ ಮನಸ್ಸು ಒಪ್ಪಲಿಲ್ಲ.

“ಇದರ ಮೇಲೆ ಸರಸೀನ ಕೂರಿಸೋದೇನಮ್ಮ? ಮುಳ್ಳು ಓಡಿದಷ್ಟೂ ರೆಕಾರ್ಡು ಸವೆಯುತ್ತೆ. ಒಳ್ಳೆ ತಟ್ಟೆ ಮಾಡಿಸ್ತೀನಿ, ಆಮೇಲೆ ಕೇಳುವಿಯಂತೆ.”

“ಆಗಲಿ ಕಣಪ್ಪ” ಎಂದಳು ತಾಯಿ.

ಅಲ್ಲಿಂದ ಶುರುವಾಯಿತು ಅವನ ಹುಚ್ಚು. ಹೆಣ್ಣು ನೋಡಲು ಹೋದವರು ಕೂಡ ಅಷ್ಟು ಮೀನಮೇಷ ಎಣಿಸುವುದಿಲ್ಲ. ತೇಗದ ತಟ್ಟೆಯಲ್ಲಿ ದನಿ ಮೃದುವಾಗಿ ಬಂತು, ಆದರೆ ಮಳೆಗಾಲಕ್ಕೆ ತಟ್ಟೆಯೇ ಸೊಟ್ಟಗಾಯಿತು. ಗಾಜಿನದು ಕಣ್ಣಿಗೆ ಹಬ್ಬ, ಕಿವಿಗೆ ಒರಟು. ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು, ತಟ್ಟೆಗಳನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ದಿನವಿಡೀ ಕೂರುತ್ತಿದ್ದ. ವರ್ಷಗಳು ಉರುಳಿದವು. ತಾಯಿ ಬರಬರುತ್ತಾ ಅವನ ಮಾತಿಗೆ ಮರುಮಾತಾಡುವುದನ್ನೇ ಬಿಟ್ಟಳು. ಮುನಿಸಿರಬೇಕು, ಹಾಡು ಕೇಳಿದರೆ ಕರಗುತ್ತದೆ ಎಂದುಕೊಂಡು ಅವನು ಇನ್ನಷ್ಟು ಹಟ ಹಿಡಿದ.

ಕೊನೆಗೆ ಕಂಚು ಒಪ್ಪಿಗೆಯಾಯಿತು. ದಪ್ಪಗೆ ಎರಕ ಹೊಯ್ಯಿಸಿ, ಮುಖ ಕಾಣುವಷ್ಟು ಹೊಳಪು ಕೊಡಿಸಿ, ಗಂಟೆಯಂತೆ ಮೊಳಗದಿರಲೆಂದು ಅಡಿಗೆ ರಬ್ಬರು ಹಾಕಿಸಿದ. ತಾಯಿಯನ್ನು ಕೈಹಿಡಿದು ತಂದು ಕೂರಿಸಿ, ತಂಗಿಯ ರೆಕಾರ್ಡಿನ ಮೇಲೆ ಮುಳ್ಳಿಟ್ಟ. ಸರಸಿ ಹಾಡಿದಳು. ನಡುನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಅವನಿಗೆ ಅಳು ತಡೆಯಲಾಗಲಿಲ್ಲ.

ತಾಯಿ ತಿರುಗುವ ತಟ್ಟೆಯನ್ನೇ ನೋಡುತ್ತಿದ್ದಳು. ಹಾಡು ಮುಗಿಯುತ್ತ ಬಂದಾಗ ಮಗನ ತೋಳು ಮುಟ್ಟಿದಳು.

“ತಟ್ಟೆ ಚೆಂದ ಇದೆ ಕಣಪ್ಪ. ಸರಸಿ ಯಾವಾಗ ಹಾಡ್ತಾಳೆ?”

ಅವಳ ಕಿವಿ ಯಾವಾಗ ಹೋಯಿತೋ ಅವನಿಗೆ ಗೊತ್ತೇ ಆಗಿರಲಿಲ್ಲ. ಅವನು ಮುಳ್ಳನ್ನು ತೆಗೆದು ಮತ್ತೆ ಮೊದಲಿಗಿಟ್ಟ. ಹಾಡು ಮುಗಿಯಿತು. ಇನ್ನೊಮ್ಮೆ ಇಟ್ಟ. ಅವಳು ಕಾಯುತ್ತಲೇ ಇದ್ದಳು.

ಶಿಷ್ಯ ಕೇಳಿದ: “ಅಷ್ಟೊಂದು ಪ್ರೀತಿಯಿತ್ತಲ್ಲ ಗುರುಗಳೇ, ಅವನಿಗೆ?”

“ಇತ್ತು. ಅದಕ್ಕೇ, ಇದ್ದ ತಟ್ಟೆಯೇ ಸಾಕು ಎನ್ನಲು ಆ ತಾಯಿಗೂ ಬಾಯಿ ಬರಲಿಲ್ಲ.”